ಹಳೆಯ ಗಾಡಿ: ಕೊಳ್ಳುವ ಬೆಲೆ, ಸಾಕುವ ಬೆಲೆ



ಹತ್ತಿ ಬಿಡಿಸುವುದು ಮುಗಿಯುತ್ತ ಬಂದಿದೆ. ತೊಗರಿಯ ರಾಶಿ ಆಗಿದೆ. ಮೆಣಸಿನಕಾಯಿ ಕಣದಲ್ಲಿ ಒಣಗುತ್ತಿದೆ. ವರ್ಷದಲ್ಲಿ ಒಮ್ಮೆ ಒಕ್ಕಲಿಗನ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲ ಇದು. ಹೆಣ್ಣುಮಕ್ಕಳ ಮದುವೆ, ಮನೆಯ ಮಾಳಿಗೆ, ಹಳೆಯ ಸಾಲ, ಇವೆಲ್ಲ ಮಾತಿಗೆ ಬರುವುದು ಈಗಲೇ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಮಾತು ಸೇರಿದೆ. ಅದು ಹಳೆಯ ಗಾಡಿಯ ಮಾತು.

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯ ದೋರನಹಳ್ಳಿಯ ಸುತ್ತಮುತ್ತ ನಾನು ಕೆಲಸದ ಮೇಲೆ ತಿರುಗಾಡುತ್ತಿರುತ್ತೇನೆ. ಮೊದಲೆಲ್ಲ ಈ ದಿನಗಳಲ್ಲಿ ರೈತರು ನನ್ನನ್ನು ಕೇಳುತ್ತಿದ್ದುದು ಕಾಯಿಕೊರಕದ ಔಷಧಿ, ಗೊಬ್ಬರದ ಪ್ರಮಾಣ, ಮುಂದಿನ ವರ್ಷದ ತಳಿ. ಈಗ ಹೊಲದ ಬದುವಿನ ಮೇಲೆ ನಿಂತು ಕೇಳುವ ಪ್ರಶ್ನೆಯೇ ಬೇರೆ. "ಸಾಹೇಬ್ರ, ಎರಡು ಲಕ್ಷಕ್ಕ ಒಂದು ಕಾರ್ ಬಂದಾದ, ತಗೋಬಹುದೇನ್ರಿ?" "ಹಳೇ ಪಿಕಪ್ ಒಂದು ಮೂರು ಲಕ್ಷಕ್ಕ ಕೊಡ್ತಾರಂತ, ಹುಡುಗ ಹೊಡಕೊಂಡು ದುಡಿತಾನಂತ."

ಇದು ಕೃಷಿ ಅಧಿಕಾರಿಯ ವಿಷಯವಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಗಾಡಿಗಳ ಖರ್ಚು ಕೊನೆಗೆ ಬಂದು ನಿಲ್ಲುವುದು ಹೊಲದಲ್ಲಿಯೇ. ಆದ್ದರಿಂದ ಈ ವಾರ ಕೀಟ, ರೋಗಗಳನ್ನು ಬದಿಗಿಟ್ಟು ಈ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಗಾಡಿ ಬೇಡವೆಂದಲ್ಲ

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ರೈತನಿಗೆ ಗಾಡಿ ಬೇಡ ಎನ್ನುವವನು ನಾನಲ್ಲ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರ ತಾಲ್ಲೂಕುಗಳಿಗೆ ಬಂದ ಮೇಲೆ ನಮ್ಮ ಒಕ್ಕಲುತನ ಬದಲಾಯಿತು. ಜೋಳ, ಸಜ್ಜೆ ಬೆಳೆದು ಹಗೇವಿಗೆ ತುಂಬುವವನಿಗೆ ಎತ್ತಿನ ಬಂಡಿ ಸಾಕಾಗಿತ್ತು. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದು ಪೇಟೆಗೆ ಕಳಿಸುವವನಿಗೆ ಅದು ಸಾಲದು. ಟ್ರ್ಯಾಕ್ಟರು ಬಂತು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಸರಕುಗಾಡಿ ಪೇಟೆಗೆ ಬಂದ ಮೇಲೆ ಹಳ್ಳಿಯ ಓಣಿಯ ಒಳಗೂ ನಾಲ್ಕು ಗಾಲಿ ಉರುಳಿದವು. ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವಾಗ ಮನೆಯ ಮುಂದೆ ಒಂದು ಗಾಡಿ ಇದ್ದರೆ ಎಷ್ಟು ಧೈರ್ಯ ಎಂಬುದು ನನಗೂ ಗೊತ್ತು. ಹೊಸದನ್ನು ಕೊಳ್ಳಲಾಗದವನು ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೂ ಇಲ್ಲ, ನಾಚಿಕೆಯೂ ಇಲ್ಲ.

ತಪ್ಪಾಗುತ್ತಿರುವುದು ಲೆಕ್ಕದಲ್ಲಿ. ನಾವು ಗಾಡಿಯನ್ನು ಕೊಳ್ಳುವ ಬೆಲೆ ನೋಡುತ್ತೇವೆ, ಸಾಕುವ ಬೆಲೆ ನೋಡುವುದಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ ನಡೆಸುವ ಮನೆವಾರು ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಯ ಮನೆಯೊಂದು ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಓಡಾಟಕ್ಕೆ ಹೋಗುತ್ತಿದ್ದುದು 2011–12ರಲ್ಲಿ ಸುಮಾರು 4 ರೂಪಾಯಿ. 2022–23ರ ಹೊತ್ತಿಗೆ ಅದು ಏಳೂವರೆ ರೂಪಾಯಿಗೆ ಏರಿತು. ಅದೇ ಅವಧಿಯಲ್ಲಿ ಅಕ್ಕಿ, ಗೋಧಿ, ಜೋಳ ಮುಂತಾದ ಕಾಳುಗಳಿಗೆ ಹೋಗುತ್ತಿದ್ದ ಪಾಲು ಸುಮಾರು 11 ರೂಪಾಯಿಯಿಂದ 5 ರೂಪಾಯಿಗೆ ಇಳಿಯಿತು. ಅಂದರೆ ಇಂದು ಹಳ್ಳಿಯ ಮನೆ ಕಾಳುಕಡಿಗೆ ಕೊಡುವುದಕ್ಕಿಂತ ಹೆಚ್ಚು ರೊಕ್ಕವನ್ನು ಓಡಾಟಕ್ಕೆ ಕೊಡುತ್ತಿದೆ. ಹಿಂದಿನವರು ಕಾಳಿನ ಲೆಕ್ಕವನ್ನು ಸೇರು, ಪಾವುಗಳಲ್ಲಿ ಇಡುತ್ತಿದ್ದರು. ಈ ಹೊಸ ಖರ್ಚಿನ ಲೆಕ್ಕವನ್ನು ನಾವು ಯಾರೂ ಇಡುತ್ತಿಲ್ಲ.

ಎರಡು ಲಕ್ಷದ ಕಾರು

ಒಂದು ಉದಾಹರಣೆ ಹಾಕಿ ನೋಡೋಣ. ಇವು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು. ನಿಮ್ಮ ಗಾಡಿಗೆ ತಕ್ಕಂತೆ ಬದಲಾಯಿಸಿಕೊಳ್ಳಿರಿ.

ಹತ್ತು ಹನ್ನೆರಡು ವರ್ಷದ ಹಳೆಯ ಪೆಟ್ರೋಲ್ ಕಾರೊಂದನ್ನು 2,00,000 ರೂಪಾಯಿಗೆ ಕೊಂಡಿರಿ ಎನ್ನಿ. ಐದು ವರ್ಷ ಇಟ್ಟುಕೊಂಡು 80,000ಕ್ಕೆ ಮಾರಿದರೆ ಬೆಲೆಯಲ್ಲಿಯೇ 1,20,000 ಸವೆಯಿತು. ವಿಮೆ ವರ್ಷಕ್ಕೆ 5,000ದಂತೆ 25,000. ನಾಲ್ಕು ಟಾಯರು ಒಮ್ಮೆ ಬದಲಾಯಿಸಲು 18,000. ಬ್ಯಾಟರಿ ಎರಡು ಸಲ, 10,000. ಆಯಿಲ್, ಸರ್ವಿಸಿಂಗ್ ವರ್ಷಕ್ಕೆ 8,000ದಂತೆ 40,000. ಕ್ಲಚ್ಚು, ಸಸ್ಪೆನ್ಶನ್, ಇಂಜಿನ್ನಿನ ಕೆಲಸ ಎಂದು ಐದು ವರ್ಷದಲ್ಲಿ 60,000. ನೋಂದಣಿ ನವೀಕರಣ, ಸಣ್ಣಪುಟ್ಟ ಕಾಗದಪತ್ರ 12,000. ಬೆಲೆಯಲ್ಲಿ 1,50,000 ಸಾಲವಾಗಿದ್ದರೆ ಶೇಕಡಾ 14ರ ಫ್ಲಾಟ್ ಬಡ್ಡಿಯಂತೆ ಮೂರು ವರ್ಷಕ್ಕೆ 63,000. ಎಲ್ಲ ಕೂಡಿಸಿದರೆ 3,48,000 ರೂಪಾಯಿ. ಇದರಲ್ಲಿ ಒಂದು ಹನಿ ಪೆಟ್ರೋಲೂ ಸೇರಿಲ್ಲ ಎಂಬುದನ್ನು ಗಮನಿಸಿರಿ.

ತಿಂಗಳಿಗೆ 500 ಕಿಲೋಮೀಟರ್ ಓಡಿಸಿದರೆ ಐದು ವರ್ಷಕ್ಕೆ 30,000 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಟ್ಟರೆ 2,000 ಲೀಟರು. ಲೀಟರಿಗೆ 100 ರೂಪಾಯಿಯೆಂದೇ ಹಿಡಿಯೋಣ, 2,00,000 ಆಯಿತು. ಒಟ್ಟು 5,48,000 ರೂಪಾಯಿ. ಕಿಲೋಮೀಟರಿಗೆ 18 ರೂಪಾಯಿಗೂ ಹೆಚ್ಚು, ತಿಂಗಳಿಗೆ 9,000ಕ್ಕೂ ಹೆಚ್ಚು. ಎರಡು ಲಕ್ಷದ ಕಾರಿನ ನಿಜವಾದ ಬೆಲೆ ಐದೂವರೆ ಲಕ್ಷ.

ಈಗ ಇದನ್ನು ಬೆಳೆಗೆ ತಿರುಗಿಸಿ ನೋಡಿರಿ. ವರ್ಷಕ್ಕೆ ಸುಮಾರು 1,09,600 ರೂಪಾಯಿ. 2025–26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಬೆಲೆಗೇ ಮಾರಿದರೂ ಸುಮಾರು 14 ಕ್ವಿಂಟಲ್ ತೊಗರಿ ಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕೂವರೆ ಕ್ವಿಂಟಲ್ ಬಂದರೆ ಅದು ಮೂರು ಎಕರೆಯ ಪೂರ್ತಿ ಬೆಳೆ. ಬೀಜ, ಗೊಬ್ಬರ, ಕೂಲಿ ಇನ್ನೂ ಕಳೆದಿಲ್ಲ. ಐದೆಕರೆ ಒಣಬೇಸಾಯದವನು ಆ ಕಾರು ಕೊಂಡರೆ ಅವನ ಮೂರು ಎಕರೆ ಕಾರಿಗೇ ಮೀಸಲು ಬಿತ್ತು ಎಂದು ತಿಳಿಯಬೇಕು.

ಇನ್ನೂ ಒಂದು ಮಾತಿದೆ. ಕಾರು ನಿಂತಿದ್ದರೆ ಖರ್ಚಿಲ್ಲ ಎಂದು ಅನೇಕರು ನಂಬಿದ್ದಾರೆ. ತಿಂಗಳಿಗೆ ಬರೀ 200 ಕಿ.ಮೀ. ಓಡಿಸಿ, ಉಳಿದ ಖರ್ಚನ್ನು ಹಾಗೆಯೇ ಹಿಡಿದರೆ ಕಿಲೋಮೀಟರಿಗೆ ಬೀಳುವುದು ಸುಮಾರು 36 ರೂಪಾಯಿ. ವರ್ಷಕ್ಕೆ ಎರಡು ಜಾತ್ರೆ, ನಾಲ್ಕು ಮದುವೆ, ಆರು ಸಲ ಆಸ್ಪತ್ರೆ, ಇಷ್ಟೇ ನಿಮ್ಮ ಅಗತ್ಯವಾದರೆ ಊರಲ್ಲಿ ಬಾಡಿಗೆಗೆ ಸಿಗುವ ಕಾರಿನ ದರದ ಜೊತೆಗೆ ಇದನ್ನು ಹೋಲಿಸಿ ನೋಡಿರಿ.

ನಾನು ಬೇರೆಯವರಿಗಷ್ಟೇ ಬುದ್ಧಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಹಳೆಯ ವ್ಯಾನು ಕೊಂಡಿದ್ದೆ. ಗ್ಯಾರೇಜಿನ ಚೀಟಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕುತ್ತಿದ್ದೆ. ಮೂರನೆಯ ವರ್ಷ ಒಂದು ಭಾನುವಾರ ಕುಳಿತು ಕೂಡಿಸಿದೆ. ರಿಪೇರಿಗೆ ಕೊಟ್ಟದ್ದು ಕೊಂಡ ಬೆಲೆಯನ್ನು ದಾಟಿತ್ತು. ಊರೂರು ತಿರುಗಿ ಬೆಳೆಯ ಖರ್ಚುವೆಚ್ಚದ ಲೆಕ್ಕ ಬರೆಯಿರಿ ಎಂದು ಹೇಳುವವನ ಮನೆಯಲ್ಲೇ ಲೆಕ್ಕ ಹೀಗಿತ್ತು.

ದುಡಿಯುವ ಗಾಡಿಯ ಲೆಕ್ಕ

"ಕಾರಿನ ಮಾತು ಬಿಡ್ರಿ, ಅದು ಷೋಕಿ. ಪಿಕಪ್ ಆದರೆ ತನ್ನ ಹೊಟ್ಟೆ ತಾನೇ ಹೊರಕೊಳ್ತದ" ಎನ್ನುವವರಿದ್ದಾರೆ. ಹೊರಬಹುದು. ಆದರೆ ಎಷ್ಟು ದಿನ ದುಡಿದರೆ ಹೊರುತ್ತದೆ ಎಂಬುದನ್ನು ಮೊದಲು ಎಣಿಸಬೇಕು.

ಮೂರು ಲಕ್ಷದ ಸಾಲ, ಮೂರು ವರ್ಷದ ವಾಯಿದೆ, ಶೇಕಡಾ 12 ಫ್ಲಾಟ್ ಬಡ್ಡಿ ಎಂದುಕೊಳ್ಳಿರಿ. ಬಡ್ಡಿ 1,08,000. ತಿಂಗಳ ಕಂತು 11,333 ರೂಪಾಯಿ. ಇಲ್ಲಿ ಒಂದು ಮೋಸದ ಹಳ್ಳವಿದೆ. ಫ್ಲಾಟ್ ಎಂದರೆ ಅರ್ಧ ಸಾಲ ತೀರಿಸಿದ ಮೇಲೂ ಮೂರು ಲಕ್ಷದ ಮೇಲೆಯೇ ಬಡ್ಡಿ ಹಾಕುತ್ತಾರೆ. ಬ್ಯಾಂಕಿನವರಂತೆ ಉಳಿದ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕಿದರೆ ಈ ಶೇಕಡಾ 12 ನಿಜದಲ್ಲಿ ಶೇಕಡಾ 21ರಷ್ಟಾಗುತ್ತದೆ. ಸಾಲ ಕೊಡುವವರನ್ನು "ಫ್ಲಾಟೋ, ಇಳಿಕೆ ಬಾಕಿಯದೋ" ಎಂದು ಒಂದು ಮಾತು ಕೇಳಿದರೆ ತಿಳಿಯುತ್ತದೆ. ಕೇಳಲು ಸಂಕೋಚಪಡಬೇಡಿರಿ.

ಕಂತು ವರ್ಷಕ್ಕೆ 1,36,000. ಸರಕುಗಾಡಿಯ ವಿಮೆ ಕಾರಿನಂತಲ್ಲ, ಜಾಸ್ತಿ. ಅದಕ್ಕೆ 20,000 ಹಿಡಿಯೋಣ. ಟಾಯರು, ಎಫ್.ಸಿ., ರಿಪೇರಿ ಸೇರಿ 60,000. ಒಟ್ಟು 2,16,000. ಒಂದು ದಿನದ ಬಾಡಿಗೆಯಲ್ಲಿ ಡೀಸೆಲ್, ಚಾಲಕನ ಪಗಾರ ಕಳೆದು 1,200 ಉಳಿದರೆ ವರ್ಷಕ್ಕೆ 180 ದಿನ ಬಾಡಿಗೆ ಸಿಗಲೇಬೇಕು. ಆಗ ಗಾಡಿ ತನ್ನ ಹೊಟ್ಟೆ ತಾನು ಹೊರುತ್ತದೆ. ನಿಮ್ಮ ಮನೆಗೆ ಲಾಭ ಶುರುವಾಗುವುದು 181ನೆಯ ದಿನದಿಂದ. ನಮ್ಮ ಕಡೆ ಮಾಲು ಸಾಗಿಸುವ ಕಾಲ ಕಾರ್ತಿಕದಿಂದ ಯುಗಾದಿಯವರೆಗೆ. ಅದೇ ಊರಿನಲ್ಲಿ ಆಗಲೇ ಎಂಟು ಹತ್ತು ಗಾಡಿಗಳು ಬಾಡಿಗೆಗೆ ಕಾದು ನಿಂತಿದ್ದರೆ 180 ದಿನ ಎಲ್ಲಿಂದ ಬರಬೇಕು? ಗಾಡಿ ನೋಡಲು ಹೋಗುವ ಮೊದಲು ನಿಮ್ಮೂರ ಗಾಡಿಗಳನ್ನು ಎಣಿಸಿ ಬನ್ನಿರಿ.

ಬೀಜದ ರೊಕ್ಕ ಗಾಲಿಗೆ ಹೋದದ್ದು

ಈಗ ನಾನು ಕಣ್ಣಾರೆ ಕಂಡ ಒಂದು ಮನೆಯ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಏಳು ಎಕರೆಯ ರೈತ, ಮೈಮುರಿದು ದುಡಿಯುವವ. ಮಗ ಡಿಗ್ರಿ ಮುಗಿಸಿ ಎರಡು ವರ್ಷ ಖಾಲಿ ಕುಳಿತಿದ್ದ. ಮೆಣಸಿನಕಾಯಿಗೆ ಒಳ್ಳೆಯ ಬೆಲೆ ಬಂದ ವರ್ಷ ಒಂದು ಹಳೆಯ ಪಿಕಪ್ ಕೊಂಡರು. ಅರ್ಧ ಕೈರೊಕ್ಕ, ಅರ್ಧ ಸಾಲ. ಅವರ ಯೋಚನೆ ತಪ್ಪಾಗಿರಲಿಲ್ಲ. ನಮ್ಮ ಮಾಲನ್ನು ನಾವೇ ರಾಯಚೂರಿಗೋ ಬ್ಯಾಡಗಿಗೋ ಒಯ್ದು ಹೆಚ್ಚು ಬೆಲೆ ಸಿಕ್ಕಲ್ಲಿ ಮಾರೋಣ, ಉಳಿದ ದಿನ ಬಾಡಿಗೆ ಹೊಡೆಯೋಣ ಎಂಬುದು ಆಲೋಚನೆ.

ಮೊದಲ ಬೇಸಿಗೆ ಚೆನ್ನಾಗಿಯೇ ನಡೆಯಿತು. ಮೃಗಶಿರಾ ಮಳೆ ಬರುವ ಹೊತ್ತಿಗೆ ಎಫ್.ಸಿ. ಮುಗಿಯಿತು. ಎಫ್.ಸಿ.ಗೆ ಒಯ್ಯಬೇಕೆಂದರೆ ಟಾಯರು ಬದಲಾಗಬೇಕು, ಬ್ರೇಕು ಸರಿಯಾಗಬೇಕು, ವಿಮೆ ತುಂಬಬೇಕು. ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟ ರೊಕ್ಕ ಅದಕ್ಕೆ ಹೋಯಿತು. ಮಳೆ ನಮ್ಮನ್ನು ಕಾಯುವುದಿಲ್ಲ. ಬೀಜಕ್ಕಾಗಿ ಅಡತಿ ಅಂಗಡಿಯಿಂದ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದರು. ಅಡತಿಯವರ ಕರಾರು ಎಲ್ಲರಿಗೂ ಗೊತ್ತಿದ್ದದ್ದೇ. ಮಾಲು ಅವರ ಅಂಗಡಿಗೇ ಬರಬೇಕು.

ಯೋಚಿಸಿ ನೋಡಿರಿ. ಎಲ್ಲಿ ಬೆಲೆ ಹೆಚ್ಚೋ ಅಲ್ಲಿ ಮಾರಬೇಕೆಂದು ಗಾಡಿ ಕೊಂಡವನು, ಆ ಗಾಡಿಯ ದೆಸೆಯಿಂದಲೇ ಒಂದೇ ಅಂಗಡಿಗೆ ಕಟ್ಟುಬಿದ್ದ. ಮನೆಯ ಮುಂದೆ ಗಾಡಿ ಇತ್ತು, ಮಾಲು ಒಯ್ಯುವ ಸ್ವಾತಂತ್ರ್ಯ ಇರಲಿಲ್ಲ.

ಆ ಮನೆಯ ತಾಯಿ ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ. "ಸಾಹೇಬ್ರ, ಈ ಗಾಡಿ ಬಂದಾಗಿಂದ ನಮ್ಮನ್ಯಾಗ ಇನ್ನೊಂದು ಹೊಟ್ಟಿ ಹೆಚ್ಚಾಗ್ಯಾದ ನೋಡ್ರಿ. ಎತ್ತಿಗಾದ್ರ ಹೊಲದಾಗಿನ ಕಣಿಕಿ ಹಾಕ್ತಿದ್ವಿ. ಇದು ಬರೇ ರೊಕ್ಕಾನೇ ತಿಂತದ."

ಇಡೀ ಅರ್ಥಶಾಸ್ತ್ರ ಈ ಮಾತಿನಲ್ಲಿದೆ. ಎತ್ತಿನ ಮೇವು ಹೊಲದಿಂದ ಬರುತ್ತದೆ, ಗಾಡಿಯ ಮೇವು ಪೇಟೆಯಿಂದ ಬರುತ್ತದೆ. ಎತ್ತು ದುಡಿಯದ ದಿನವೂ ಸಗಣಿ ಕೊಡುತ್ತದೆ, ಗಾಡಿ ದುಡಿಯದ ದಿನವೂ ಬಡ್ಡಿ ಕೇಳುತ್ತದೆ. ಬೆಳೆಯ ಆದಾಯ ಏರುತ್ತದೆ, ಇಳಿಯುತ್ತದೆ. 2024ರ ಮಾರ್ಚಿನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದದ್ದು ನೀವು ಮರೆತಿರಲಿಕ್ಕಿಲ್ಲ. ಆ ತಿಂಗಳೂ ಕಂತು ಒಂದು ರೂಪಾಯಿ ಇಳಿಯಲಿಲ್ಲ.

ಎತ್ತು ಕೊಳ್ಳುವಂತೆ ಗಾಡಿ ಕೊಳ್ಳಿರಿ

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದರು. ಎತ್ತಿನ ಹತ್ತು ಪಟ್ಟು ಬೆಲೆಯ ಗಾಡಿಯನ್ನು ನಾವು ಬಣ್ಣ ನೋಡಿ, ಸೀಟಿನ ಕವರು ನೋಡಿ ಕೊಳ್ಳುತ್ತಿದ್ದೇವೆ.

ಗಾಡಿಯ ಹಲ್ಲು ಎಂದರೆ ಕಾಗದ. ಮೊದಲು ಆರ್.ಸಿ. ನೋಡಿರಿ. ಚಾಸಿಸ್ ನಂಬರು ಗಾಡಿಯ ಮೇಲೆ ಕೊರೆದದ್ದಕ್ಕೆ ಸರಿಹೊಂದುತ್ತದೆಯೇ ಎಂದು ಬಟ್ಟೆಯಿಂದ ಒರೆಸಿ ಓದಿರಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಎಂದು ನಿಗದಿಯಾಯಿತು. ಹದಿನಾಲ್ಕು ವರ್ಷದ ಕಾರು ಅಗ್ಗಕ್ಕೆ ಬಂದರೆ ಅದು ಏಕೆ ಅಗ್ಗ ಎಂದು ಇದರಿಂದ ತಿಳಿಯಬಹುದು. ಬಾಡಿಗೆಯ ಸರಕುಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್.ಸಿ. ಆಗಬೇಕು. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದೇ ಇಲ್ಲ. ಆದ್ದರಿಂದ ಅಂಥ ಸರ್ಕಾರಿ ಜೀಪನ್ನು ಯಾರಾದರೂ ಮಾರಲು ತಂದರೆ ರಸ್ತೆಗೆ ಬರುತ್ತದೆಂದು ನಂಬಿ ಕೊಳ್ಳಬೇಡಿರಿ.

ನಮ್ಮದು ಗಡಿಸೀಮೆ. ತೆಲಂಗಾಣದ, ಸೊಲ್ಲಾಪುರ ಕಡೆಯ ಗಾಡಿಗಳು ಅಗ್ಗಕ್ಕೆ ಬರುತ್ತವೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿನ ಕಾರುಗಳೂ ಕಡಿಮೆ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದವು. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರಿಗೆ, ಅಂದರೆ ಯಾದಗಿರಿಯ ಕೆಎ–33ಕ್ಕೆ, ಬದಲಾಯಿಸಲೇಬೇಕು. ಅದಕ್ಕೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದ ಮೇಲೂ ಅಗ್ಗವಾಗಿ ಉಳಿದರೆ ಮಾತ್ರ ಅದು ಅಗ್ಗ. ಚೆನ್ನೈಯಲ್ಲಿ 2015ರಲ್ಲಿ, ಹೈದರಾಬಾದಿನಲ್ಲಿ 2020ರಲ್ಲಿ ಬಂದಂಥ ನೆರೆಗಳಲ್ಲಿ ಮುಳುಗಿದ ಗಾಡಿಗಳೂ ತೊಳೆದು ಒರೆಸಿಕೊಂಡು ಪೇಟೆಗೆ ಬರುವುದುಂಟು. ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿದ್ದರೆ, ನೆಲಹಾಸು ಎತ್ತಿದಾಗ ಕೆಸರಿನ ವಾಸನೆ ಬಂದರೆ ಮರಳಿ ಬನ್ನಿರಿ.

ನಡೆಸಿ ನೋಡುವುದು ಎಂದರೆ ಹೀಗೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿರಿ. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿರಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಇಂಜಿನ್ ನಡೆಯುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಏರಿದರೆ ಇಂಜಿನ್ ಸವೆದಿದೆ. ಟಾಯರಿನ ಒಂದು ಬದಿ ಮಾತ್ರ ಸವೆದಿದ್ದರೆ ಕೆಳಗೇನೋ ತೊಂದರೆಯಿದೆ. ಕಿಲೋಮೀಟರಿನ ಅಂಕಿಯನ್ನು ನಂಬುವುದಕ್ಕಿಂತ ಬ್ರೇಕಿನ ಪೆಡಲು, ಚಾಲಕನ ಸೀಟು ಎಷ್ಟು ಸವೆದಿವೆ ಎಂದು ನೋಡುವುದು ಮೇಲು. ನಿಮ್ಮ ನಂಬಿಕೆಯ ಮೇಸ್ತ್ರಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಮಾರುವವನ ಮೇಸ್ತ್ರಿ ನಿಮಗೆ ಮೇಸ್ತ್ರಿಯಲ್ಲ.

ಬೆಲೆ ಮಾತಾಡುವಾಗ ಇನ್ನೊಂದು ಸಂಗತಿ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ, ಸಣ್ಣ ಕಾರು ಮತ್ತು ಸರಕುಗಾಡಿಗಳದು 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದು ಹಳೆಯ ಬೆಲೆಗೇ ನಿಲ್ಲಬೇಕಾದ ಕಾರಣವಿಲ್ಲ. ಮಾರುವವನಿಗೆ ಇದನ್ನು ನೆನಪಿಸಿರಿ.

ಹೆಸರು ಬದಲಾಗದ ಗಾಡಿ

ನಮ್ಮ ಕಡೆ ಒಂದು ಕೆಟ್ಟ ರೂಢಿ ಬೆಳೆದಿದೆ. ಬಾಂಡ್ ಪೇಪರಿನ ಮೇಲೆ ಬರೆದುಕೊಂಡು, ಸಹಿ ಮಾಡಿದ ಖಾಲಿ ಅರ್ಜಿ ಇಸಿದುಕೊಂಡು ವರ್ಷಗಟ್ಟಲೆ ಬೇರೆಯವರ ಹೆಸರಿನಲ್ಲಿಯೇ ಗಾಡಿ ಓಡಿಸುವುದು. ಇದು ಕೊಂಡವನಿಗಿಂತ ಮಾರಿದವನಿಗೆ ಅಪಾಯ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಗಾಡಿ ನಾಲ್ಕಾರು ಕೈ ಬದಲಾಗಿತ್ತು. ಹಾಗಿದ್ದರೂ ಹೊಣೆ ಹೊತ್ತವನು ಮೊದಲು ಮಾರಿದವನೇ.

ಆದ್ದರಿಂದ ನಮೂನೆ 29 ಮತ್ತು 30ನ್ನು ಭರ್ತಿ ಮಾಡಿ ಹೆಸರು ಬದಲಾಯಿಸಿಕೊಳ್ಳಿರಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬರೆಸಿಕೊಳ್ಳಿರಿ. ಗಾಡಿಯ ಮೇಲೆ ಫೈನಾನ್ಸಿನ ಸಾಲ ನಮೂದಾಗಿದ್ದರೆ ತೀರುವಳಿ ಪತ್ರ ಮತ್ತು ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿರಿ. ಗಾಡಿಯ ನಂಬರು ಹಾಕಿದರೆ ನೋಂದಣಿ, ವಿಮೆ, ಎಫ್.ಸಿ., ಬಾಕಿ ದಂಡ ಎಲ್ಲವೂ ಕಾಣುವ ವ್ಯವಸ್ಥೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿದೆ. ಮನೆಯ ಮಗನೋ ಮಗಳೋ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ತೆಗೆದು ತೋರಿಸುತ್ತಾರೆ.

ಇನ್ನೊಂದು ಎಚ್ಚರ. ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣಾಳುಗಳನ್ನು ಸರಕುಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ದಿನಾಲೂ ನೋಡುತ್ತೇವೆ. ಸರಕುಗಾಡಿಯಲ್ಲಿ ಹೀಗೆ ಕುಳಿತು ಬಂದವರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಪರಿಹಾರ ಮಾಲೀಕನ ತಲೆಯ ಮೇಲೆ ಬರುತ್ತದೆ, ಹೊಲ ಮಾರಿ ಕೊಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ ಹೋದ ಜೀವ ಯಾವ ಪರಿಹಾರಕ್ಕೂ ಮರಳಿ ಬರುವುದಿಲ್ಲ.

ನಾಲ್ಕು ಕಟ್ಟುಪಾಡು

ಇಷ್ಟು ಹೇಳಿದ ಮೇಲೆ ಮನೆಯವರೆಲ್ಲ ಕುಳಿತು ಪಾಲಿಸಬಹುದಾದ ನಾಲ್ಕು ಕಟ್ಟುಪಾಡು ಹೇಳುತ್ತೇನೆ.

ಒಂದು, ಗಾಡಿ ನೋಡುವ ಮೊದಲು ದಿನ ಎಣಿಸಿರಿ. ಕಳೆದ ವರ್ಷ ನಿಮಗೆ ಎಷ್ಟು ದಿನ ಗಾಡಿ ಬೇಕಾಗಿತ್ತು, ಬಾಡಿಗೆಗೆ ಎಷ್ಟು ಕೊಟ್ಟಿರಿ ಎಂದು ಬರೆಯಿರಿ. ಉಳುಮೆಗೆ ಮಾತ್ರ ಟ್ರ್ಯಾಕ್ಟರು ಬೇಕಿದ್ದರೆ 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಬಾಡಿಗೆ ದರ ಕೇಳಿರಿ. ಮಾಲು ಸಾಗಿಸಲು ಮಾತ್ರವಾದರೆ ಅಕ್ಕಪಕ್ಕದ ನಾಲ್ಕು ಹೊಲದವರು ಕೂಡಿ ಒಂದು ಗಾಡಿ ಬಾಡಿಗೆಗೆ ಹಿಡಿದರೆ ಆಗುತ್ತದೆ.

ಎರಡು, ಕೈಯಲ್ಲಿ ನಾಲ್ಕು ಪಾಲು ರೊಕ್ಕ ಇದ್ದರೆ ಮೂರು ಪಾಲಿನ ಗಾಡಿ ಕೊಳ್ಳಿರಿ. ಹಳೆಯ ಗಾಡಿ ಮನೆಗೆ ಬಂದ ಮೊದಲ ವರ್ಷವೇ ನಾಲ್ಕನೆಯ ಪಾಲು ಕೇಳುತ್ತದೆ.

ಮೂರು, ಬೀಜ, ಗೊಬ್ಬರದ ರೊಕ್ಕವನ್ನು ಗಾಡಿಗೆ ಮುಟ್ಟಬಾರದು. ಅದನ್ನು ಬೇರೆ ಖಾತೆಯಲ್ಲಿ ಇಡಿರಿ. ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಇಟ್ಟರೆ ಇನ್ನೂ ಭದ್ರ. ವಿಮೆ, ಎಫ್.ಸಿ.ಗಳ ವಾಯಿದೆ ಮೃಗಶಿರಾ, ಆರಿದ್ರಾ ಮಳೆಯ ಕಾಲಕ್ಕೆ ಬರುವ ಗಾಡಿಯಾದರೆ ಆ ಖರ್ಚಿನ ರೊಕ್ಕವನ್ನು ಸುಗ್ಗಿಯಲ್ಲಿಯೇ ತೆಗೆದಿಡಿರಿ.

ನಾಲ್ಕು, ಗಾಡಿಗೆ ಒಂದು ವಹಿ ಮಾಡಿರಿ. ಮಕ್ಕಳ ಹಳೆಯ ನೋಟುಬುಕ್ಕು ಸಾಕು. ಎಡಗಡೆ ಖರ್ಚು, ಬಲಗಡೆ ದುಡಿಮೆ. ಡೀಸೆಲ್, ಪಂಕ್ಚರು, ದಂಡ, ಚಹಾದ ರೊಕ್ಕವೂ ಬರಲಿ. ಯುಗಾದಿಗೊಮ್ಮೆ ಕೂಡಿಸಿರಿ. ಎರಡು ಯುಗಾದಿ ಎಡಗಡೆಯೇ ಭಾರವಾದರೆ ಗಾಡಿ ಇನ್ನೂ ಓಡುತ್ತಿರುವಾಗಲೇ ಮಾರಿರಿ. ಕೆಟ್ಟು ನಿಂತ ಗಾಡಿಗೆ ಗುಜರಿಯವನು ಹೇಳಿದ್ದೇ ಬೆಲೆ.

ನಾನು ಹೇಳಿದ ಆ ಮನೆಯವರು ಕೊನೆಗೆ ಮಾಡಿದ್ದೂ ಇದನ್ನೇ. ತಾಯಿಯೇ ಒಂದು ವಹಿ ಹಿಡಿದು ಮಗನ ಬಾಯಿಂದ ಲೆಕ್ಕ ಬರೆಸಿದಳು. ಒಂದು ವರ್ಷದ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಮಗನೇ ಗಾಡಿ ಮಾರಲು ಮುಂದಾದ. ಸಾಲ ತೀರಿ ಉಳಿದದ್ದು ಸ್ವಲ್ಪವೇ. ಈಗ ಆ ಹುಡುಗ ಬೇರೊಬ್ಬರ ಗಾಡಿಗೆ ಚಾಲಕನಾಗಿದ್ದಾನೆ. ತಿಂಗಳ ಪಗಾರ ಮನೆಗೆ ಬರುತ್ತದೆ. ಕಳೆದ ಮುಂಗಾರಿನಲ್ಲಿ ಅವರು ಅಡತಿಯಿಂದ ಬೀಜದ ರೊಕ್ಕ ತರಲಿಲ್ಲ. ತೊಗರಿಯನ್ನು ಬಾಡಿಗೆ ಗಾಡಿಯಲ್ಲಿ ಹಾಕಿಕೊಂಡು ತಮಗೆ ಬೇಕಾದ ಪೇಟೆಗೆ ಒಯ್ದರು.

ಈ ಸುಗ್ಗಿಯಲ್ಲಿ ಯಾರಾದರೂ ನಿಮಗೆ ಹಳೆಯ ಗಾಡಿಯ ಬೆಲೆ ಹೇಳಿದರೆ ಒಪ್ಪುವ ಮೊದಲು ಒಂದು ರಾತ್ರಿ ತಡೆಯಿರಿ. ಊಟವಾದ ಮೇಲೆ ಮನೆಯವರನ್ನೆಲ್ಲ ಕೂಡಿಸಿ, ಮೇಲೆ ಕೊಟ್ಟ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಹಾಕಿ ನೋಡಿರಿ. ಆ ಮೇಲೂ ಗಾಡಿ ಬೇಕೆನಿಸಿದರೆ ಧೈರ್ಯವಾಗಿ ಕೊಳ್ಳಿರಿ. ಅದು ನಿಮ್ಮ ಮನೆಗೆ ದುಡಿಯುವ ಗಾಡಿಯಾಗುತ್ತದೆ.